ಡೊಮೇನ್ ದಾಖಲೆಯಲ್ಲಿ ಸುಳ್ಳು ಫೋನ್ ನಂಬರ್, ಹಳೇ ಇಮೇಲ್: ಈಗ 15 ದಿನದ ಗಡುವು ಬಂದಿದೆ, ಏನು ಮಾಡಲಿ?

ಅಟ್ಟದ_ಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕಥೆ, ಬೈಯದೆ ಓದಿ.

2016ರಲ್ಲಿ ನಾನೊಂದು ಡಾಟ್ ಕಾಮ್ ಹೆಸರು ತಗೊಂಡೆ. ನನ್ನ ಬರಹ, ಫೋಟೋ ಇಡೋಕೆ. ಅದಕ್ಕೂ ಮುಂಚೆ ಇನ್ನೊಂದು ಹೆಸರು ತಗೊಂಡಿದ್ದಾಗ ಪ್ರಾಮಾಣಿಕವಾಗಿ ನಿಜವಾದ ಫೋನು, ನಿಜವಾದ ಮನೆ ವಿಳಾಸ ತುಂಬಿದ್ದೆ. ಎರಡೇ ದಿನಕ್ಕೆ ಫೋನ್ ಶುರುವಾಯಿತು. ವೆಬ್‌ಸೈಟ್ ಮಾಡಿಕೊಡ್ತೀವಿ, ಲೋಗೋ ಮಾಡಿಕೊಡ್ತೀವಿ, ಗೂಗಲ್‌ನಲ್ಲಿ ಮೊದಲನೇ ಪುಟಕ್ಕೆ ತರ್ತೀವಿ ಅಂತ ದಿನಾ ಹತ್ತು ಹದಿನೈದು ಕರೆ. ಆಗ ಹೂಇಸ್ ದಾಖಲೆಯನ್ನು, ಅಂದರೆ ಯಾವ ಡೊಮೇನ್ ಯಾರದು ಅನ್ನೋ ಪಟ್ಟಿಯನ್ನು, ಯಾರು ಬೇಕಾದರೂ ನೋಡಬಹುದಿತ್ತಲ್ವಾ. ಹಾಗಾಗಿ ಎರಡನೇ ಸಲ ಬುದ್ಧಿವಂತಿಕೆ ತೋರಿಸಿದೆ. ಊರು ನಿಜ, ಬೀದಿ ಸುಳ್ಳು. ಫೋನ್ ನಂಬರಿನ ಕೊನೆಯ ಎರಡು ಅಂಕಿ ಬದಲಾಯಿಸಿದೆ. ಇಮೇಲ್ ಮಾತ್ರ ನನ್ನದೇ ಕೊಟ್ಟೆ.

ಆ ಇಮೇಲ್ ಬಳಸೋದು ಬಿಟ್ಟು ಎಷ್ಟೋ ಕಾಲವಾಯಿತು. ಹೋದ ವಾರ ಖಾತೆಗೆ ಹೋಗಿ ಹೊಸ ಇಮೇಲ್ ಹಾಕಿದೆ. ಮರುದಿನವೇ ಒಂದು ಮೇಲ್ ಬಂತು. ನಿಮ್ಮ ಸಂಪರ್ಕ ಮಾಹಿತಿ ಖಚಿತಪಡಿಸಿ, ಈ ಲಿಂಕ್ ಒತ್ತಿ, 15 ದಿನದಲ್ಲಿ ಉತ್ತರ ಬರದಿದ್ದರೆ ಡೊಮೇನ್ ಅಮಾನತು ಮಾಡ್ತೀವಿ ಅಂತ.

ನನ್ನ ಗೊಂದಲ ಇಷ್ಟು. ಈ ಮೇಲ್ ನಿಜವೋ, ಮೋಸವೋ? ಈಗ ಹೋಗಿ ಸುಳ್ಳು ವಿಳಾಸ ಸರಿ ಮಾಡಿದರೆ "ಓಹೋ, ಇಷ್ಟು ದಿನ ಸುಳ್ಳು ಹೇಳಿದ್ದೀಯಾ" ಅಂತ ಹೆಸರೇ ಕಿತ್ತುಕೊಳ್ಳುತ್ತಾರಾ? ಹೊರಗಿನಿಂದ ನೋಡಿದರೆ ನನ್ನ ದಾಖಲೆಯಲ್ಲಿ ಏನೂ ಕಾಣಿಸುವುದಿಲ್ಲ, ಎಲ್ಲಾ ಮರೆಮಾಡಿದ್ದಾರೆ. ಮತ್ತೆ ಸರಿ ಇದ್ದರೇನು, ತಪ್ಪಿದ್ದರೇನು?

ಇನ್ನೊಂದು. ಖಾತೆಯೊಳಗೆ ನೋಡಿದರೆ ರಿಜಿಸ್ಟ್ರೆಂಟ್ (ಹೆಸರು ತಗೊಂಡವರು), ಅಡ್ಮಿನ್, ಟೆಕ್, ಬಿಲ್ಲಿಂಗ್ ಅಂತ ನಾಲ್ಕು ಕಡೆ ವಿವರ ಇದೆ. ರಿಜಿಸ್ಟ್ರೆಂಟ್ ಕೆಳಗೆ ಹೆಸರು ನನ್ನದು, ಆದರೆ ಸಂಸ್ಥೆ ಅನ್ನುವ ಜಾಗದಲ್ಲಿ ಸೈಟ್ ಕಟ್ಟಿಕೊಟ್ಟ ಗೆಳೆಯನ ಕಂಪನಿ ಹೆಸರು. ಆ ಕಂಪನಿ ಮುಚ್ಚಿಹೋಗಿದೆ. ಇದು ದೊಡ್ಡ ವಿಷಯ ಅಲ್ಲ ಅಂದುಕೊಂಡಿದ್ದೇನೆ.

---

ಪೋರ್ಟ್43:

ಕೊನೆಗೆ "ದೊಡ್ಡ ವಿಷಯ ಅಲ್ಲ" ಅಂದಿರಲ್ಲ, ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ಗಡುವಿನ ವಿಷಯ ಮುಗಿಸೋಣ.

ನಾನು ಕೆಲವು ವರ್ಷ ಒಂದು ರಿಜಿಸ್ಟ್ರಾರ್‌ನ, ಅಂದರೆ ಡೊಮೇನ್ ಹೆಸರು ಮಾರುವ ಕಂಪನಿಯ, ಸಪೋರ್ಟ್‌ನಲ್ಲಿ ಕೂತಿದ್ದವನು. ಇಂಥ ಮೇಲ್ ನಿಜವಾಗಿಯೂ ಕಳಿಸ್ತಾರೆ. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2013ರಲ್ಲಿ ರಿಜಿಸ್ಟ್ರಾರ್‌ಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಈ ನಿಯಮ ಇದೆ, 2014ರ ಜನವರಿಯಿಂದ ಜಾರಿಯಲ್ಲಿದೆ. ಹೊಸದಾಗಿ ಹೆಸರು ತಗೊಂಡಾಗ, ವರ್ಗಾವಣೆ ಮಾಡಿದಾಗ, ಅಥವಾ ನಿಮ್ಮ ಹಾಗೆ ವಿವರ ಬದಲಾಯಿಸಿದಾಗ ರಿಜಿಸ್ಟ್ರಾರ್ ನಿಮ್ಮ ಇಮೇಲನ್ನೋ ಫೋನನ್ನೋ ಪರಿಶೀಲಿಸಲೇಬೇಕು. 15 ದಿನದಲ್ಲಿ ನಿಮ್ಮಿಂದ ಉತ್ತರ ಬರದಿದ್ದರೆ ಅವರೇ ಕೈಯಾರೆ ಪರಿಶೀಲಿಸಬೇಕು, ಇಲ್ಲ ಡೊಮೇನ್ ನಿಲ್ಲಿಸಬೇಕು. ಕೈಯಾರೆ ಯಾರು ಮಾಡ್ತಾರೆ ಹೇಳಿ? ನಿಲ್ಲಿಸೋದು ಸುಲಭ.

ಆದರೆ ಇದೇ ಮೇಲನ್ನು ನಕಲು ಮಾಡಿ ಪಾಸ್‌ವರ್ಡ್ ಕದಿಯೋರೂ ಇದ್ದಾರೆ. ಹಾಗಾಗಿ ಲಿಂಕ್ ಒತ್ತಬೇಡಿ. ಬ್ರೌಸರ್‌ನಲ್ಲಿ ರಿಜಿಸ್ಟ್ರಾರ್ ವಿಳಾಸ ನೀವೇ ಟೈಪ್ ಮಾಡಿ, ಒಳಗೆ ಹೋಗಿ ನೋಡಿ. ಮೇಲ್ ನಿಜವಾಗಿದ್ದರೆ ಸಾಮಾನ್ಯವಾಗಿ ಅಲ್ಲೂ ಒಂದು ಸೂಚನೆ ಕಾಣುತ್ತೆ, ಮೇಲ್ ಮತ್ತೆ ಕಳಿಸಿ ಅನ್ನೋ ಗುಂಡಿ ಇರುತ್ತೆ. ಆ ಗುಂಡಿ ಒತ್ತಿದ ನಿಮಿಷಕ್ಕೇ ಬರುವ ಮೇಲಿನ ಲಿಂಕನ್ನು ಧೈರ್ಯವಾಗಿ ಒತ್ತಬಹುದು.

ನಿಲ್ಲಿಸೋದು ಅಂದರೆ ಏನು ಅಂತ ಜನಕ್ಕೆ ಸರಿಯಾಗಿ ಗೊತ್ತಿಲ್ಲ. ಡೊಮೇನ್ ಮೇಲೆ ಕ್ಲೈಂಟ್‌ಹೋಲ್ಡ್ ಅನ್ನೋ ಸ್ಥಿತಿ ಕೂರುತ್ತೆ. ಆಗ ರಿಜಿಸ್ಟ್ರಿ (ಎಲ್ಲಾ ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇಟ್ಟುಕೊಂಡಿರೋರು) ಆ ಹೆಸರನ್ನು ತನ್ನ ಝೋನ್ ಫೈಲ್‌ನಿಂದ, ಅಂದರೆ ಹೆಸರು ಎಲ್ಲಿ ಸಿಗುತ್ತೆ ಅಂತ ಹೇಳುವ ಪಟ್ಟಿಯಿಂದ, ತೆಗೆದುಬಿಡುತ್ತೆ. ಸೈಟ್ ಹೋಯಿತು, ಅದರ ಮೇಲಿರುವ ಇಮೇಲೂ ಹೋಯಿತು. ಡಾಟ್ ಕಾಮ್‌ನ ನೇಮ್‌ಸರ್ವರ್ ದಾಖಲೆಗಳು ಎರಡು ದಿನದವರೆಗೆ ಬೇರೆಯವರ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಉಳಿದಿರಬಹುದು, ಹಾಗಾಗಿ ಒಬ್ಬರಿಗೆ ಸೈಟ್ ಕಾಣಿಸುತ್ತೆ, ಇನ್ನೊಬ್ಬರಿಗೆ ಇಲ್ಲ. ಗ್ರಾಹಕರು "ನಿಮ್ಮ ಸರ್ವರ್ ಕೆಟ್ಟಿದೆ" ಅಂತ ಹೋಸ್ಟಿಂಗ್‌ನವರ ಜೊತೆ ಎರಡು ದಿನ ಜಗಳ ಆಡಿ ಆಮೇಲೆ ನಮ್ಮ ಹತ್ತಿರ ಬರ್ತಿದ್ದರು.

ಇದರಲ್ಲಿ ಅತಿ ಕೆಟ್ಟ ಬಲೆ ಯಾವುದು ಅಂದರೆ ಸಂಪರ್ಕದ ಇಮೇಲ್ ಅದೇ ಡೊಮೇನ್ ಮೇಲಿರೋದು. ಡೊಮೇನ್ ನಿಂತರೆ ಇಮೇಲ್ ನಿಂತಿತು. ಇಮೇಲ್ ನಿಂತರೆ ಡೊಮೇನ್ ಬಿಡಿಸುವ ಮೇಲ್ ಬರುವುದಿಲ್ಲ. ಕಾರಿನೊಳಗೇ ಕೀಲಿ ಬಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ನಿಮ್ಮ ಹೊಸ ಇಮೇಲ್ ಹಾಗಿಲ್ಲ ತಾನೇ?

ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಆಗುತ್ತಾ ಅಂತ ಕೇಳಿದ್ದೀರಿ. ಕಾಗದದ ಮೇಲೆ, ಬೇಕೆಂದೇ ತಪ್ಪು ಮಾಹಿತಿ ಕೊಡೋದು ಒಪ್ಪಂದ ಮುರಿದ ಹಾಗೆ. ಮಾಹಿತಿ ಬದಲಾದ ಮೇಲೆ 7 ದಿನದಲ್ಲಿ ತಿದ್ದದಿದ್ದರೂ ಹಾಗೇ. ರಿಜಿಸ್ಟ್ರಾರ್ ಮಾಹಿತಿ ಬಗ್ಗೆ ವಿಚಾರಿಸಿದಾಗ 15 ದಿನಕ್ಕಿಂತ ಜಾಸ್ತಿ ಸುಮ್ಮನಿದ್ದರೂ ಹಾಗೇ. ಮೂರಕ್ಕೂ ಡೊಮೇನ್ ನಿಲ್ಲಿಸಬಹುದು, ರದ್ದೂ ಮಾಡಬಹುದು. ಆದರೆ ತಾನಾಗಿ ಬಂದು ತಿದ್ದಿಕೊಂಡವರನ್ನು ಹಿಡಿದು ಬಡಿದಿದ್ದನ್ನು ನಾನಂತೂ ಒಂದು ಸಲವೂ ನೋಡಿಲ್ಲ. ಬಾಗಿಲು ತಟ್ಟಿದಾಗ ಓಗೊಡದವರೇ ಸಿಕ್ಕಿಹಾಕಿಕೊಂಡದ್ದು.

ಅಂದಹಾಗೆ ವರ್ಷಕ್ಕೊಮ್ಮೆ "ನಿಮ್ಮ ವಿವರ ಇದು, ತಪ್ಪಿದ್ದರೆ ತಿದ್ದಿ" ಅಂತ ಒಂದು ಮೇಲ್ ಬರುತ್ತಲ್ಲ, ಎಲ್ಲರೂ ಓದದೆ ಅಳಿಸೋದು? 2003ರಿಂದ ಇರುವ ನಿಯಮ ಅದು. ಈಗ ಆ ಮೇಲ್ ತಲುಪದೆ ವಾಪಸ್ ಬಂದರೆ ಅಷ್ಟೇ ಸಾಕು, ರಿಜಿಸ್ಟ್ರಾರ್ ಮತ್ತೆ ಪರಿಶೀಲನೆ ಶುರು ಮಾಡಬೇಕು. ನಿಮ್ಮ ಹಳೇ ಇಮೇಲ್ ಪೂರ್ತಿ ಸತ್ತಿರಲಿಲ್ಲ ಅನ್ಸುತ್ತೆ. ಸತ್ತಿದ್ದರೆ ಯಾವತ್ತೋ ಸಿಕ್ಕಿಹಾಕಿಕೊಳ್ಳುತ್ತಿದ್ದಿರಿ.

---

ಗಿಳಿಪಾಠ:

ಇಷ್ಟೆಲ್ಲ ಯಾಕೆ, ಪ್ರೈವೆಸಿ ಸೇವೆ ಆನ್ ಮಾಡಿ ಆರಾಮಾಗಿರಿ. ಆಮೇಲೆ ಒಳಗೆ ಏನು ಬರೆದರೇನು.

---

ಪೋರ್ಟ್43:

ಆ ಸೇವೆ ಮುಚ್ಚೋದು ಹೊರಗಿನವರ ಕಣ್ಣಿಗೆ ಮಾತ್ರ. ರಿಜಿಸ್ಟ್ರಾರ್ ಹತ್ತಿರ ಇರುವ ಒಳಗಿನ ವಿವರ ಸರಿ ಇರಲೇಬೇಕು, 15 ದಿನದ ಆಟ ಅದಕ್ಕೂ ಇದೆ. ಇನ್ನೊಂದು ಸೂಕ್ಷ್ಮ ಇದೆ. ಪ್ರೈವೆಸಿ ಸೇವೆಯಲ್ಲಿ ಹೆಸರು ನಿಮ್ಮದೇ ಇದ್ದು ವಿಳಾಸ, ಫೋನು ಅವರದು ಕಾಣುತ್ತೆ. ಪ್ರಾಕ್ಸಿ ಸೇವೆಯಲ್ಲಿ ಡೊಮೇನ್ ಇರೋದೇ ಅವರ ಹೆಸರಲ್ಲಿ, ನಿಮಗೆ ಬಳಸೋಕೆ ಬಿಟ್ಟಿರ್ತಾರೆ. ಜನ ಎರಡನ್ನೂ ಒಂದೇ ಅಂದುಕೊಳ್ತಾರೆ. ಜಗಳ ಬಂದ ದಿನ ವ್ಯತ್ಯಾಸ ಗೊತ್ತಾಗುತ್ತೆ.

---

ಕರಿಹಲಗೆ:

ಸುಳ್ಳು ಬರೆದವರನ್ನು ಸುಮ್ನೆ ಕಳ್ಳರ ಸಾಲಿಗೆ ಸೇರಿಸಬೇಡಿ. ನಾನೂ ಸುಳ್ಳು ಬರೆದವನೇ. ನಾಚಿಕೆ ಏನಿಲ್ಲ.

ಈ ಹೂಇಸ್ ಹುಟ್ಟಿದ್ದು ಯಾವಾಗ ನೋಡಿ. 1982ರಲ್ಲಿ ಅದರ ಮೊದಲ ಆರ್‌ಎಫ್‌ಸಿ (ಇಂಟರ್ನೆಟ್ ಕೆಲಸ ಮಾಡುವ ರೀತಿ ಬರೆದಿಡುವ ಕಾಗದ) ಬಂತು. ಆಗ ಅದು ಇಂಟರ್ನೆಟ್‌ಗೂ ಮುಂಚಿನ ಜಾಲ ಆರ್ಪಾನೆಟ್‌ನಲ್ಲಿ ಇದ್ದವರ ಫೋನ್ ಪುಸ್ತಕ. ಸಂಶೋಧಕರು, ಸಿಸ್ಟಮ್ ನೋಡಿಕೊಳ್ಳೋರು, ಒಬ್ಬರಿಗೊಬ್ಬರು ಗೊತ್ತಿರುವ ಮಂದಿ. ನಿಮ್ಮ ಕಂಪ್ಯೂಟರ್ ತೊಂದರೆ ಕೊಡ್ತಿದೆ ಅಂತ ಹೇಳೋಕೆ ಫೋನ್ ನಂಬರ್ ಬೇಕಿತ್ತು. ಸರಿ. ಆಮೇಲೆ ಅದೇ ಪುಸ್ತಕವನ್ನು ಕೋಟಿಗಟ್ಟಲೆ ಜನರಿಗೆ ಹಿಗ್ಗಿಸಿದರು. ಮನೆಯಿಂದ ಬ್ಲಾಗ್ ಬರೆಯೋ ಹೆಣ್ಣುಮಗಳ ಮನೆ ವಿಳಾಸವನ್ನೂ ಯಾರು ಬೇಕಾದರೂ ನೋಡಬಹುದು! ಹಿಂಬಾಲಿಸುವ ಗಂಡಸಿಗೆ, ಬೆದರಿಕೆ ಹಾಕುವವನಿಗೆ, ಸ್ಪ್ಯಾಮ್ ಕಳಿಸುವವನಿಗೆ, ಎಲ್ಲರಿಗೂ ಒಂದೇ ಬಾಗಿಲು. ತಪ್ಪಿಸಿಕೊಳ್ಳೋಕೆ ಇದ್ದ ದಾರಿ ಎರಡೇ. ದುಡ್ಡು ಕೊಟ್ಟು ಮರೆ ಹಾಕಿಸಿಕೊಳ್ಳೋದು, ಇಲ್ಲ ಸುಳ್ಳು ಬರೆಯೋದು. ಡಾಟ್ ಯುಎಸ್‌ನಂಥ ಕಡೆ ದುಡ್ಡು ಕೊಟ್ಟರೂ ಮರೆ ಇಲ್ಲ.

ಜನ ಏನು ಮಾಡಿದರು ಅಂತ ಅಂಕಿಗಳೇ ಹೇಳುತ್ತವೆ. 2005ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಹೆಸರುಗಳನ್ನು ತೆಗೆದು ನೋಡಿತು. ಸುಮಾರು 23 ಲಕ್ಷ ಹೆಸರುಗಳಲ್ಲಿ, ಅಂದರೆ ನೂರಕ್ಕೆ ಐದರಷ್ಟರಲ್ಲಿ, ಕಣ್ಣಿಗೆ ಹೊಡೆಯುವ ಸುಳ್ಳು ಇತ್ತು. ಎಲ್ಲಾ ಸೊನ್ನೆ ಇರುವ ಫೋನ್ ನಂಬರ್, ಆ ಥರದ್ದು. 2010ರಲ್ಲಿ ಐಕ್ಯಾನ್‌ಗಾಗಿ ಮಾಡಿದ ಅಧ್ಯಯನ ಇನ್ನೂ ಆಳಕ್ಕೆ ಹೋಯಿತು. ಕಟ್ಟುನಿಟ್ಟಾಗಿ ನೋಡಿದರೆ ಎಲ್ಲ ರೀತಿಯಲ್ಲೂ ಸರಿ ಇದ್ದ ದಾಖಲೆ ನೂರಕ್ಕೆ 23 ಮಾತ್ರ. ಉಳಿದವರೆಲ್ಲ ಕಳ್ಳರಾ? ಮನೆ ಬದಲಾಯಿಸಿದವರು, ಫಾರ್ಮ್ ಅರ್ಥವಾಗದವರು, ಭಯಪಟ್ಟವರು.

2018ರ ಮೇ 25ಕ್ಕೆ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಜಾರಿಗೆ ಬಂತು. ಅದಕ್ಕೆ ಎಂಟೇ ದಿನ ಮುಂಚೆ ಐಕ್ಯಾನ್ ಗಡಿಬಿಡಿಯಲ್ಲಿ ತಾತ್ಕಾಲಿಕ ನಿಯಮ ಪಾಸು ಮಾಡಿ ಹೆಸರು, ಫೋನು, ವಿಳಾಸ ಎಲ್ಲ ಮರೆಮಾಡೋಕೆ ಬಿಟ್ಟಿತು. ಇಷ್ಟು ವರ್ಷ ಆಗಲ್ಲ, ಆಗಲ್ಲ ಅಂದಿದ್ದು ಒಂದು ವಾರದಲ್ಲಿ ಆಯಿತು ನೋಡಿ.

ಮತ್ತೆ ಆ ಪರಿಶೀಲನೆ ಅಂತೀರಲ್ಲ, ಅದೇನು ಪರಿಶೀಲನೆ? ಇಮೇಲ್‌ನಲ್ಲಿ ಒಂದು ಲಿಂಕ್ ಒತ್ತೋದು. ಮೋಸಗಾರನಿಗೆ ಹೊಸ ಇಮೇಲ್ ಮಾಡೋಕೆ ಎರಡು ನಿಮಿಷ. ನೀವು ಚಾಪೆ ಕೆಳಗೆ ನುಗ್ಗಿದರೆ ಅವನು ರಂಗೋಲಿ ಕೆಳಗೆ ನುಗ್ತಾನೆ. ಅವನು ಮೊದಲ ದಿನವೇ ಲಿಂಕ್ ಒತ್ತಿರ್ತಾನೆ. ರಜೆಗೆ ಹೋದ ಶಿಕ್ಷಕರ ಸೈಟ್ ಮಾತ್ರ ನಿಂತುಹೋಗುತ್ತೆ.

---

ತಪ್ಪುನಂಬರ್:

ಕರಿಹಲಗೆ, ನಿಮ್ಮ ಸಿಟ್ಟು ಅರ್ಥವಾಗುತ್ತೆ. ಆದರೆ ಸುಳ್ಳು ನಂಬರ್ ಅಂತ ಒಂದು ಇರೋದಿಲ್ಲ ಅನ್ನೋದನ್ನು ಯಾರೂ ಯೋಚನೆ ಮಾಡಲ್ಲ. ಅದು ಇನ್ಯಾರದೋ ನಿಜವಾದ ನಂಬರ್.

2017ರಲ್ಲಿ ಒಂದಿನ ಬೆಳಿಗ್ಗೆ ಒಬ್ಬರು ಫೋನ್ ಮಾಡಿ ನನ್ನನ್ನು ಬಾಯಿಗೆ ಬಂದಂತೆ ಬೈದರು. ದುಡ್ಡು ಕಟ್ಟಿದ್ದೀನಿ, ಶೂ ಕಳಿಸಿಲ್ಲ ಅಂತ. ರಾಂಗ್ ನಂಬರ್ ಅಂದೆ. ಮಧ್ಯಾಹ್ನ ಇನ್ನೊಬ್ಬರು. ಮೂರು ದಿನದಲ್ಲಿ ಇಪ್ಪತ್ತು ಜನ ಇರಬಹುದು. ಒಬ್ಬರು ಅಳ್ತಿದ್ದರು. ಅವರನ್ನೇ ಸಮಾಧಾನ ಮಾಡಿ ನನ್ನ ನಂಬರ್ ಎಲ್ಲಿ ಸಿಕ್ಕಿತು ಅಂತ ಕೇಳಿದೆ. ಆ ನಕಲಿ ಅಂಗಡಿಯ ಡೊಮೇನ್ ದಾಖಲೆಯಲ್ಲಿ ಅಂದರು. ಹೋಗಿ ನೋಡಿದೆ. ಯಾರದೋ ಹೆಸರು, ಯಾವುದೋ ಬೀದಿ, ನಂಬರ್ ಮಾತ್ರ ನನ್ನದು! ಎದೆ ಧಸಕ್ ಅಂತು.

ರಿಜಿಸ್ಟ್ರಾರ್‌ಗೆ ಬರೆದೆ, ಉತ್ತರ ಇಲ್ಲ. ಆಮೇಲೆ ಐಕ್ಯಾನ್ ಸೈಟ್‌ನಲ್ಲಿ ತಪ್ಪು ಮಾಹಿತಿ ಬಗ್ಗೆ ದೂರು ಕೊಡುವ ಫಾರ್ಮ್ ಇದೆ ಅಂತ ಯಾರೋ ಹೇಳಿದರು. ತುಂಬಿದೆ. ಈ ಫೋನ್ ನನ್ನದು, ಈ ಡೊಮೇನ್ ನನ್ನದಲ್ಲ ಅಂತ, ಫೋನ್ ಬಿಲ್ ಸಮೇತ. ಮೂರ್ನಾಲ್ಕು ವಾರದ ಮೇಲೆ ಅಂಗಡಿ ನಿಂತಿತು. ಅವನನ್ನು ಹಿಡಿದರು ಅಂತಲ್ಲ. ಮಾಹಿತಿ ಸರಿ ಇದೆಯಾ ಅಂತ ಕೇಳಿದಾಗ ಅವನು ಉತ್ತರ ಕೊಡಲಿಲ್ಲ, ಅಷ್ಟೇ. ಇನ್ನೊಂದು ಹೆಸರಲ್ಲಿ ಮತ್ತೆ ಅಂಗಡಿ ತೆರೆದಿರ್ತಾನೆ, ಬಿಡಿ.

ಈಗ ಎಲ್ಲಾ ಮರೆ ಆಗಿದೆ ಅಂತ ನೆಮ್ಮದಿಯೂ ಇದೆ, ಇನ್ನೊಂದು ಕಡೆ ಭಯವೂ ಇದೆ. ಆಗ ಯಾರೋ ಬೈದದ್ದರಿಂದ ನನಗೆ ವಿಷಯ ಗೊತ್ತಾಯಿತು. ಈಗ ಯಾವನಾದರೂ ನನ್ನ ನಂಬರ್, ನನ್ನ ಮನೆ ವಿಳಾಸ ಹಾಕಿ ನಕಲಿ ಬ್ಯಾಂಕ್ ಸೈಟ್ ಮಾಡಿದರೆ? ಗಿರಾಕಿಗಳಿಗೆ ಕಾಣಲ್ಲ, ನನಗೂ ಕಾಣಲ್ಲ. ತನಿಖೆ ಮಾಡೋರು ಕೇಳಿದಾಗ ಮಾತ್ರ ಕಾಣುತ್ತೆ. ಅವರ ಕೈಗೆ ಸಿಗೋದು ನನ್ನ ವಿಳಾಸ. ನನ್ನ ಬಾಗಿಲು ತಟ್ಟಿದ ಮೇಲೇ ನನಗೆ ಗೊತ್ತಾಗೋದು.

ಅಟ್ಟದ_ಪೆಟ್ಟಿಗೆಯವರೇ, ಕೊನೆಯ ಎರಡು ಅಂಕಿ ಬದಲಾಯಿಸಿದ್ದೀರಿ ಅಂದಿರಲ್ಲ. ಆ ನಂಬರ್ ಯಾರದು ಅಂತ ನೋಡಿದ್ದೀರಾ?

---

ಅಟ್ಟದ_ಪೆಟ್ಟಿಗೆ:

ಇಲ್ಲ. ಈಗ ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು.

---

ಪೋರ್ಟ್43:

ತಪ್ಪುನಂಬರ್ ಹೇಳಿದ್ದರಲ್ಲೇ ಎಲ್ಲಾ ಇದೆ. ಮಾಹಿತಿ ಸರಿ ಇದೆ ಅನ್ನೋದಕ್ಕೆ ಐಕ್ಯಾನ್‌ನವರು ಮೂರು ಹಂತ ಇಟ್ಟುಕೊಂಡಿದ್ದಾರೆ. ಮೊದಲನೇದು ಬರೆದ ರೀತಿ ಸರಿ ಇದೆಯಾ: ಫೋನಿಗೆ ದೇಶದ ಕೋಡ್ ಇದೆಯಾ, ಅಂಕಿ ಎಷ್ಟಿರಬೇಕೋ ಅಷ್ಟಿದೆಯಾ, ಇಮೇಲ್‌ನಲ್ಲಿ ಅಟ್ ಚಿಹ್ನೆ ಇದೆಯಾ. ಎರಡನೇದು ಅದು ಕೆಲಸ ಮಾಡುತ್ತಾ: ಫೋನ್ ರಿಂಗ್ ಆಗುತ್ತಾ, ಮೇಲ್ ತಲುಪುತ್ತಾ. ಮೂರನೇದು ಅದು ನಿಜವಾಗಿ ಆ ಮನುಷ್ಯನದೇನಾ. ರಿಜಿಸ್ಟ್ರಾರ್‌ಗಳ ಮೇಲೆ ಒಪ್ಪಂದ ಹೇರಿದ್ದು ಮೊದಲನೇದು ಪೂರ್ತಿ, ಎರಡನೇದು ಅರ್ಧ. ಮೂರನೇದು ಇಲ್ಲವೇ ಇಲ್ಲ. ಹಾಗಾಗಿ ಬೇರೆಯವರ ನಿಜವಾದ ನಂಬರ್ ಹಾಕಿದ ಕಳ್ಳ ಮೊದಲ ಎರಡರಲ್ಲೂ ಪಾಸು. ಸೊನ್ನೆ ಸೊನ್ನೆ ಅಂತ ಹಾಕಿದ ಹೆದರುಪುಕ್ಕಲ ಫೇಲು.

ಎಷ್ಟು ದಾಖಲೆ ಸರಿ ಇವೆ ಅಂತ ಐಕ್ಯಾನ್ ತಾನೇ ಮಾದರಿ ತೆಗೆದು ಅಳೆಯುವ ಒಂದು ವ್ಯವಸ್ಥೆ ಇಟ್ಟುಕೊಂಡಿತ್ತು. ಜಿಡಿಪಿಆರ್ ಬಂದ ಮೇಲೆ ಅದನ್ನೂ ನಿಲ್ಲಿಸಿದರು. ದಾಖಲೆಯೇ ಕಾಣದಿದ್ದರೆ ಅಳೆಯೋದು ಹೇಗೆ. ಈಗ ಯುರೋಪಿನವರೇ ಉಲ್ಟಾ ಕಡೆಯಿಂದ ಎಳೆಯುತ್ತಿದ್ದಾರೆ. 2022ರ ನಿಸ್2 ಅನ್ನೋ ಸೈಬರ್ ಸುರಕ್ಷತಾ ನಿರ್ದೇಶನದ 28ನೇ ವಿಧಿ, ಡೊಮೇನ್ ಮಾಹಿತಿ ಸರಿಯಾಗಿರಬೇಕು, ಪೂರ್ತಿ ಇರಬೇಕು, ಪರಿಶೀಲಿಸುವ ಕ್ರಮ ಇರಬೇಕು ಅನ್ನುತ್ತೆ. ಒಂದು ಕೈಯಲ್ಲಿ ಮುಚ್ಚು, ಇನ್ನೊಂದು ಕೈಯಲ್ಲಿ ಸರಿ ಮಾಡು. ನನಗೇನೋ ಇದೇ ಸರಿ ಅನ್ಸುತ್ತೆ, ಕರಿಹಲಗೆ ಒಪ್ಪಲ್ಲ ಅಂತ ಗೊತ್ತು.

ಅಡ್ಮಿನ್, ಟೆಕ್, ಬಿಲ್ಲಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2025ರ ಆಗಸ್ಟ್‌ನಿಂದ ಜಾರಿಯಾದ ಹೊಸ ನೀತಿಯಲ್ಲಿ ಅಡ್ಮಿನ್ ವಿವರ ಕೇಳೋದೇ ಬೇಕಿಲ್ಲ. ಹಳೇದು ಹಾಗೇ ಕೂತಿರುತ್ತೆ. ಮುಖ್ಯವಾದದ್ದು ರಿಜಿಸ್ಟ್ರೆಂಟ್ ಒಂದೇ.

ಈಗ ಸಂಸ್ಥೆ ಜಾಗಕ್ಕೆ ಬರೋಣ. ಅಲ್ಲಿ ಏನಾದರೂ ಬರೆದಿದ್ದರೆ ಡೊಮೇನ್‌ನ ಹಕ್ಕುದಾರ ಆ ಸಂಸ್ಥೆ ಅಂತ ಲೆಕ್ಕ. ಹೆಸರಿನ ಜಾಗದಲ್ಲಿರುವ ನೀವು ಬರೀ ಸಂಪರ್ಕದ ಮನುಷ್ಯ. ಅಂದರೆ ಕಾಗದದ ಪ್ರಕಾರ ನಿಮ್ಮ ಡೊಮೇನ್ ಮುಚ್ಚಿಹೋದ ಕಂಪನಿಯದು. ಇವತ್ತು ಯಾರೂ ಕೇಳಲ್ಲ. ನಾಳೆ ನಿಮ್ಮ ಖಾತೆ ಯಾರೋ ಕದ್ದರೆ, ನಾನೇ ಮಾಲೀಕ ಅಂತ ಸಾಬೀತು ಮಾಡಿ ಅಂದಾಗ ಏನು ತೋರಿಸ್ತೀರಿ? ನಾನು ಸಪೋರ್ಟ್‌ನಲ್ಲಿದ್ದಾಗ ದಿನಾ ಒಬ್ಬರಾದರೂ ಹೀಗೆ ಬರ್ತಿದ್ದರು. ಸೈಟ್ ಕಟ್ಟಿಕೊಟ್ಟವರು ತಮ್ಮ ಖಾತೆಯಿಂದ, ತಮ್ಮ ಹೆಸರಲ್ಲಿ ತಗೊಂಡುಬಿಟ್ಟಿರ್ತಾರೆ. ಮೋಸ ಮಾಡೋಕಲ್ಲ, ಫಾರ್ಮ್ ಬೇಗ ಮುಗೀಲಿ ಅಂತ.

ಗೆಳೆಯ ಕೈಗೆ ಸಿಗುವಾಗಲೇ ಅವನಿಂದ ಒಂದು ಪತ್ರ ಬರೆಸಿಕೊಳ್ಳಿ. ಆಮೇಲೆ ಆ ಜಾಗ ಖಾಲಿ ಮಾಡಿ. ಒಂದು ಎಚ್ಚರ: ಹೆಸರು, ಸಂಸ್ಥೆ, ಇಮೇಲ್ ಈ ಮೂರರಲ್ಲಿ ಯಾವುದು ಬದಲಾದರೂ ಅದನ್ನು ಮಾಲೀಕರ ಬದಲಾವಣೆ ಅಂತಲೇ ನೋಡ್ತಾರೆ. 2016ರ ಡಿಸೆಂಬರ್‌ನಿಂದ ಬಂದ ನಿಯಮ. ಬೀಗ ಬೇಡ ಅಂತ ಮೊದಲೇ ಹೇಳುವ ಆಯ್ಕೆ ಕೊಟ್ಟಿರದಿದ್ದರೆ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಹೋಗೋಕಾಗಲ್ಲ. ಎಲ್ಲಾ ತಿದ್ದುಪಡಿ ಒಟ್ಟಿಗೆ ಮಾಡಿ, ಒಂದೊಂದಾಗಿ ಮಾಡಿ ಬೀಗ ಬೆಳೆಸಬೇಡಿ.

---

ಎರಡನೇಬೀಗ:

ಹಳೇ ಇಮೇಲ್ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ, ನಾನು ಹೇಳ್ತೀನಿ. ಸುಳ್ಳು ಇಮೇಲ್‌ಗಿಂತ ಒಮ್ಮೆ ನಿಜವಾಗಿದ್ದ ಇಮೇಲ್ ಜಾಸ್ತಿ ಅಪಾಯ.

ನಮ್ಮದೊಂದು ಸಣ್ಣ ಸಂಘ. ಸೈಟ್ ನೋಡಿಕೊಳ್ತಿದ್ದ ಹುಡುಗ ತನ್ನ ಸ್ವಂತ ಡೊಮೇನ್ ಮೇಲಿದ್ದ ಇಮೇಲನ್ನೇ ಸಂಘದ ಡೊಮೇನ್‌ಗೂ ಕೊಟ್ಟಿದ್ದ. ಅವನು ಸಂಘ ಬಿಟ್ಟ. ಒಂದೆರಡು ವರ್ಷಕ್ಕೆ ಅವನ ಡೊಮೇನ್ ಅವಧಿ ಮುಗಿಯಿತು, ಅವನು ನವೀಕರಿಸಲಿಲ್ಲ. ಯಾರೋ ಆ ಬಿಟ್ಟ ಹೆಸರನ್ನು ತಗೊಂಡರು. ಯಾವ ವಿಳಾಸಕ್ಕೆ ಮೇಲ್ ಬಂದರೂ ತಮಗೇ ಬೀಳುವ ಹಾಗೆ ಮಾಡಿಕೊಂಡರು. ಆಮೇಲೆ ನಮ್ಮ ರಿಜಿಸ್ಟ್ರಾರ್ ಪುಟಕ್ಕೆ ಹೋಗಿ ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿದರು. ಹೊಸ ಪಾಸ್‌ವರ್ಡ್ ಲಿಂಕ್ ನೇರ ಅವರ ಕೈಗೆ. ಹ್ಯಾಕಿಂಗ್ ಅಂತ ಕರೆಯೋಕೂ ನಾಚಿಕೆ ಆಗುತ್ತೆ. ಕೀಲಿ ನಾವೇ ಬೀದಿಯಲ್ಲಿ ಬಿಟ್ಟಿದ್ದೆವು.

ವಾಪಸ್ ಪಡೆಯೋಕೆ ನಾಲ್ಕು ತಿಂಗಳು ಹಿಡಿಯಿತು. ಕಾಪಾಡಿದ್ದು ಏನು ಗೊತ್ತಾ? ಸಂಸ್ಥೆ ಜಾಗದಲ್ಲಿ ಸಂಘದ ಹೆಸರು ಸರಿಯಾಗಿ ಇತ್ತು, ವಿಳಾಸವೂ ನೋಂದಣಿ ಪತ್ರದಲ್ಲಿ ಇದ್ದದ್ದೇ. ಹಳೇ ದಾಖಲೆ ತೋರಿಸಿದೆವು. ಅದೂ ಸುಳ್ಳಾಗಿದ್ದರೆ ಅಷ್ಟೇ ಕಥೆ.

ಅವಧಿ ಮುಗಿಯೋಕೆ ಸುಮಾರು ಒಂದು ತಿಂಗಳು ಮುಂಚೆ ಒಂದು ಸಲ, ವಾರ ಮುಂಚೆ ಒಂದು ಸಲ, ಮುಗಿದ ಮೇಲೆ ಐದು ದಿನದೊಳಗೆ ಇನ್ನೊಂದು ಸಲ ರಿಜಿಸ್ಟ್ರಾರ್ ನೆನಪಿಸಲೇಬೇಕು ಅಂತ ನಿಯಮ ಇದೆ. ಆ ನೆನಪುಗಳೂ ಹೋಗೋದು ಅದೇ ಇಮೇಲ್‌ಗೆ. ತಪ್ಪಿದರೆ, ಹೆಸರು ಅಳಿಸಿದ ಮೇಲೆ 30 ದಿನ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಯಾರೂ ಮುಟ್ಟೋಕಾಗಲ್ಲ. ಆಮೇಲೆ ಯಾರ ಪಾಲಿಗೋ.

---

ಕರಿಹಲಗೆ:

ಸರಿ, ಇಮೇಲ್ ನಿಜ ಇರಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ. ನನ್ನದು ಯಾವಾಗಲೂ ನಿಜವೇ ಇತ್ತು. ಮನೆ ವಿಳಾಸ ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ. ಯಾವ ರಿಜಿಸ್ಟ್ರಾರ್ ನನಗೆ ಕಾಗದ ಬರೆದಿದ್ದಾನೆ? ಇವತ್ತು ಮರೆಯಲ್ಲಿದೆ ನಿಜ, ಆದರೆ ರಿಜಿಸ್ಟ್ರಾರ್‌ನ ಡೇಟಾಬೇಸ್ ಸೋರಿಹೋದರೆ ಯಾವ ಜಿಡಿಪಿಆರ್ ಬಂದು ಒರೆಸುತ್ತೆ? ಮತ್ತೆ 2023ರ ನವೆಂಬರ್‌ನಿಂದ ಮರೆಯಲ್ಲಿರುವ ಮಾಹಿತಿ ಕೇಳೋಕೆ ಐಕ್ಯಾನ್ ಒಂದು ಸೇವೆಯನ್ನೇ ಶುರು ಮಾಡಿದೆ. ಪೊಲೀಸರು ಕೇಳಬಹುದು, ಟ್ರೇಡ್‌ಮಾರ್ಕ್ ವಕೀಲರೂ ಕೇಳಬಹುದು.

ನಾನು ಈಗ ಅಂಚೆ ಪೆಟ್ಟಿಗೆ ಸಂಖ್ಯೆ ಕೊಟ್ಟಿದ್ದೇನೆ. ಸುಳ್ಳಲ್ಲ, ಕಾಗದ ಹಾಕಿದರೆ ತಲುಪುತ್ತೆ. ಮನೆ ಮಾತ್ರ ಸಿಗಲ್ಲ.

---

ಪೋರ್ಟ್43:

ಅದು ನಡೆಯುತ್ತೆ, ತಲುಪಿದರೆ ಸಾಕು. ಕೇಳಿದ ತಕ್ಷಣ ಮಾಹಿತಿ ಕೊಟ್ಟುಬಿಡಬೇಕು ಅಂತೇನೂ ಇಲ್ಲ, ರಿಜಿಸ್ಟ್ರಾರ್ ತೂಗಿ ನೋಡಿ ಇಲ್ಲ ಅನ್ನಬಹುದು. ಆದರೆ ನಿಮ್ಮ ಡೇಟಾಬೇಸ್ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ತಪ್ಪುನಂಬರ್ ಅವರಿಗೆ: ಈಗ ಅಂಥದ್ದು ಆದರೆ ಮಾಹಿತಿ ತಪ್ಪು ಅನ್ನೋ ದೂರಿಗಿಂತ ಮೊದಲು ರಿಜಿಸ್ಟ್ರಾರ್‌ನ ಅಬ್ಯೂಸ್ (ದುರ್ಬಳಕೆಯ ದೂರಿನ) ವಿಳಾಸಕ್ಕೆ ಫಿಶಿಂಗ್, ಅಂದರೆ ನಕಲಿ ಸೈಟ್ ಮೋಸ, ಅಂತಲೇ ಬರೆಯಿರಿ. ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿದರೆ ಆ ವಿಳಾಸ ಸಿಗುತ್ತೆ, ಅದನ್ನು ಮರೆ ಮಾಡುವ ಹಾಗಿಲ್ಲ. 2024ರ ಏಪ್ರಿಲ್‌ನಿಂದ, ಸರಿಯಾದ ಪುರಾವೆ ಇದ್ದರೆ ಫಿಶಿಂಗ್, ಮಾಲ್‌ವೇರ್ ಇಂಥವುಗಳ ಮೇಲೆ ಅವರು ಕ್ರಮ ತಗೊಳ್ಳಲೇಬೇಕು. ವಿಳಾಸ ಸುಳ್ಳು ಅಂತ ಸಾಬೀತು ಮಾಡುತ್ತಾ ಕೂರೋದಕ್ಕಿಂತ ಬೇಗ ಆಗುತ್ತೆ.

---

ಅಟ್ಟದ_ಪೆಟ್ಟಿಗೆ:

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿ ಮುಗಿಸ್ತೀನಿ.

ಮೇಲ್ ನಿಜವಾದದ್ದೇ. ಖಾತೆಯೊಳಗೆ ಕೆಂಪು ಪಟ್ಟಿ ಕಾಣಿಸುತ್ತಿತ್ತು, ಮತ್ತೆ ಕಳಿಸಿ ಅಂತ ಒತ್ತಿದೆ, ಲಿಂಕ್ ಬಂತು, ಎರಡು ನಿಮಿಷದ ಕೆಲಸ. ಬೀದಿ, ಫೋನು ಸರಿ ಮಾಡಿದೆ. ಯಾರೂ ಏನೂ ಕೇಳಲಿಲ್ಲ.

ಸಂಸ್ಥೆ ಹೆಸರು ತೆಗೆಯೋದು ಇಷ್ಟು ಸಲೀಸಾಗಿರಲಿಲ್ಲ. ಗೆಳೆಯನಿಗೆ ಫೋನ್ ಮಾಡಿದರೆ ಅವನಿಗೆ ನೆನಪೇ ಇಲ್ಲ. "ಆಗ ಎಲ್ಲರ ಫಾರ್ಮಲ್ಲೂ ನನ್ನ ಕಂಪನಿ ಹೆಸರೇ ಹಾಕ್ತಿದ್ದೆ ಕಣೋ" ಅಂದ. ಇನ್ನೂ ಎಷ್ಟು ಜನರ ಡೊಮೇನ್ ಹಾಗಿದೆಯೋ, ಅವನೇ ಈಗ ಗಾಬರಿಯಾಗಿ ಪಟ್ಟಿ ಮಾಡ್ತಿದ್ದಾನೆ. ಪತ್ರ ಬರೆದುಕೊಟ್ಟ. ರಿಜಿಸ್ಟ್ರಾರ್‌ನವರು ಕಂಪನಿ ಮುಚ್ಚಿದ್ದಕ್ಕೆ ದಾಖಲೆ ಕೇಳಿದರು, ಅದನ್ನೂ ಹುಡುಕಿ ಕೊಟ್ಟ. ನಿನ್ನೆ ಆ ಜಾಗ ಖಾಲಿಯಾಯಿತು. 60 ದಿನದ ಬೀಗ ಬಿದ್ದಿದೆ, ಬೀಳಲಿ, ನಾನೆಲ್ಲಿಗೂ ಹೋಗಬೇಕಿಲ್ಲ.

ಮತ್ತೆ ತಪ್ಪುನಂಬರ್ ಕೇಳಿದ್ದರಲ್ಲ. ನಾನು 2016ರಲ್ಲಿ ಕಟ್ಟಿದ ಆ ಸುಳ್ಳು ನಂಬರಿಗೆ ಮೊನ್ನೆ ಸಂಜೆ ಫೋನ್ ಮಾಡಿದೆ. ಬರೀ ರಿಂಗ್ ಆಗುತ್ತೆ, ಯಾರೂ ಎತ್ತಲ್ಲ ಅಂದುಕೊಂಡಿದ್ದೆ. ವಯಸ್ಸಾದ ಹೆಂಗಸೊಬ್ಬರು ಎತ್ತಿದರು. ಕ್ಷಮೆ ಕೇಳೋಣ ಅಂತ "ಅಮ್ಮಾ, ಒಂದು ವೆಬ್‌ಸೈಟ್ ವಿಷಯವಾಗಿ..." ಅಂತ ಶುರು ಮಾಡಿದೆ ಅಷ್ಟೇ. "ನಮಗೆ ಯಾವ ವೆಬ್‌ಸೈಟೂ ಬೇಡಪ್ಪಾ, ಎಷ್ಟು ಸಲ ಹೇಳೋದು ನಿಮಗೆಲ್ಲ" ಅಂತ ಫೋನ್ ಇಟ್ಟುಬಿಟ್ಟರು.